ದಂಡೆಯ ಮೇಲೆ ಬಿಟ್ಟ ಚಪ್ಪಲಿ

ನವಲಗುಂದ ಸೀಮೆಯ ಕುಡಿಯುವ ನೀರಿನ ಕೆರೆಗೆ ಬೆಳಗಾಗುತ್ತಲೇ ಹೋದವರ ಕಣ್ಣಿಗೆ ನೀರಿಗಿಂತ ಮೊದಲು ಬೀಳುವುದು ಚಪ್ಪಲಿ. ಏರಿಯ ಮೇಲೆ, ಮೆಟ್ಟಿಲು ಶುರುವಾಗುವಲ್ಲಿ, ಹತ್ತಿಪ್ಪತ್ತು ಜೋಡು. ಹಿಮ್ಮಡಿ ಸವೆದು ತೆಳ್ಳಗಾದ ಹವಾಯಿ, ಪಟ್ಟಿ ಕಿತ್ತಲ್ಲಿ ಪಿನ್ನು ಚುಚ್ಚಿದ್ದು, ಶಾಲೆ ಹುಡುಗನ ಕ್ಯಾನ್ವಾಸ್ ಬೂಟು, ಎರೆಮಣ್ಣು ಒಣಗಿ ಸಿಮೆಂಟಿನಂತೆ ಹಿಡಿದ ಚರ್ಮದ ಚಪ್ಪಲಿ. ಅವುಗಳ ಒಡೆಯರೆಲ್ಲ ಕೆಳಗೆ ಬರಿಗಾಲಲ್ಲಿ ನಿಂತು ಕೊಡ ತುಂಬುತ್ತಿರುತ್ತಾರೆ. ಸೈಕಲ್ಲಿಗೆ ನಾಲ್ಕು ಕೊಡ ಕಟ್ಟಿಕೊಂಡು ಬಂದ ಹುಡುಗನಿಗೆ ಎಷ್ಟೇ ಅವಸರವಿದ್ದರೂ ಚಪ್ಪಲಿ ಬಿಡುವುದು ಮರೆಯುವುದಿಲ್ಲ. ಮರೆತರೆ ನೆನಪಿಸಲು ಯಾರಾದರೊಬ್ಬ ಮುದುಕಿ ಅಲ್ಲಿ ಇದ್ದೇ ಇರುತ್ತಾಳೆ.

ಈ ಶಿಸ್ತು ಬರೀ ಭಕ್ತಿಯಿಂದ ಬಂದದ್ದಲ್ಲ. ನವಲಗುಂದ, ಅಣ್ಣಿಗೇರಿ ಕಡೆಯ ಎರೆಭೂಮಿಯಲ್ಲಿ ಬಾವಿ ತೋಡಿದರೆ ಬಹಳ ಕಡೆ ಸಿಗುವುದು ಸವಳು ನೀರು. ಅದರಲ್ಲಿ ಬೇಳೆ ಬೇಯುವುದಿಲ್ಲ, ಚಹಾಕ್ಕೆ ರುಚಿ ಬರುವುದಿಲ್ಲ. ಹೀಗಾಗಿ ಮಳೆಯ ನೀರನ್ನೋ, ಸವದತ್ತಿಯ ನವಿಲುತೀರ್ಥ ಅಣೆಕಟ್ಟು ಆದ ಮೇಲೆ ಮಲಪ್ರಭಾ ಕಾಲುವೆಯ ನೀರನ್ನೋ ಹಿಡಿದಿಟ್ಟ ಕೆರೆಯೇ ಊರಿಗೆ ಆಧಾರ. ನವಲಗುಂದ ಪಟ್ಟಣದ ಕೆರೆಗೆ ನೀಲಮ್ಮನ ಹೆಸರು. ಇಂಥ ಕೆರೆ ಎಂದರೆ ಊರಿಗೆಲ್ಲ ಸೇರಿದ ಒಂದೇ ಹಂಡೆ. ಹಂಡೆಯೊಳಗೆ ಚಪ್ಪಲಿ ಕಾಲು ಇಡುವವರು ಯಾರು? ಹಟ್ಟಿಯ ಸಗಣಿ, ಸಂತೆಯ ಉಗುಳು, ಹಾದಿಯ ಹೊಲಸು ಎಲ್ಲ ಅಂಗಾಲಿಗಿಂತ ಹೆಚ್ಚು ಅಂಟುವುದು ಚಪ್ಪಲಿಯ ಅಡಿಗೆ. ಅದನ್ನು ಹೊರಗಿಡಲು ಕಾನೂನಿಗಿಂತ ಗಂಗಮ್ಮನ ಹೆಸರು ಹೆಚ್ಚು ಕೆಲಸ ಮಾಡಿತು.

ಆದರೆ ಈ ನಿಯಮ ಕೆರೆಯ ಏರಿಯಲ್ಲೇ ನಿಲ್ಲುವುದಿಲ್ಲ. ಅದು ಬಸ್ಸು ಹತ್ತಿ ಕಲಘಟಗಿ, ಯಲ್ಲಾಪುರ ದಾಟಿ, ಅರಬೈಲ್ ಘಟ್ಟ ಇಳಿದು ಗೋಕರ್ಣಕ್ಕೂ ಹೋಗುತ್ತದೆ. ಮಹಾಬಲೇಶ್ವರನ ದರ್ಶನಕ್ಕೆ ಮೊದಲು ಸಮುದ್ರಸ್ನಾನ ಮಾಡಬೇಕೆನ್ನುವ ಬಯಲುಸೀಮೆಯ ಜನ ನಸುಕಿನಲ್ಲೇ ಮರಳಿಗೆ ಇಳಿಯುತ್ತಾರೆ. ಗಂಡಸರು ಪಂಚೆ ಎತ್ತಿ ಕಟ್ಟಿ, ಹೆಂಗಸರು ಸೀರೆ ಉಟ್ಟೇ, ಒಬ್ಬರ ಕೈ ಒಬ್ಬರು ಹಿಡಿದು. ಅಣ್ಣಿಗೇರಿ ಕಡೆಯ ಒಂದು ಕುಟುಂಬದಲ್ಲಿ ನಡೆದ ಮಾತು ಇದು. ಅಜ್ಜಿಗೆ ಹನ್ನೆರಡು ವರ್ಷದಿಂದ ಸಕ್ಕರೆ ಕಾಯಿಲೆ. ಹುಬ್ಬಳ್ಳಿಯಲ್ಲಿ ಕೆಲಸಕ್ಕಿರುವ ಮೊಮ್ಮಗ ನೀರಿನಲ್ಲಿ ಹಾಕುವ ಬೂಟು ತಂದಿದ್ದ. ಅಡಿಗೆ ರಬ್ಬರು, ಮೇಲೆ ಜಾಳಿಗೆಯಂಥ ಬಟ್ಟೆ. ಅಜ್ಜಿ ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಏ ತಮ್ಮಾ, ಇದನ್ನ ಹಾಕ್ಕೊಂಡು ಸಮುದ್ರಕ್ಕ ಇಳೀಬೇಕಂತೀ? ಗಂಗಮ್ಮನ ಎದಿ ಮ್ಯಾಲ ಚಪ್ಪಲಿ ಕಾಲ ಇಟ್ಟಂಗ ಆಗೂದಿಲ್ಲೇನ?"

"ಬರಿಗಾಲಾಗ ಇಳದ್ರೂ ಎದಿ ಮ್ಯಾಲ ಕಾಲ ಇಟ್ಟಂಗನ ಅಲ್ಲೇನು ಆಯಿ?"

ಮೊಮ್ಮಗ ಚೇಷ್ಟೆಗೆ ಅಂದದ್ದಾದರೂ ಮಾತು ನೇರವಾಗಿ ಸಂಪ್ರದಾಯದ ಬುಡಕ್ಕೇ ಹೋಗುತ್ತದೆ. ಬೆಳಿಗ್ಗೆ ಎದ್ದು ಕಾಲು ನೆಲಕ್ಕಿಡುವ ಮೊದಲು, ಪಾದ ತಾಗಿಸುತ್ತಿದ್ದೇನೆ ಕ್ಷಮಿಸು ಎಂದು ಭೂಮಿಯನ್ನು ಕೇಳಿಕೊಳ್ಳುವ ಪದ್ಧತಿ ಅನೇಕ ಮನೆಗಳಲ್ಲಿದೆ. ಅಲ್ಲಿ ತಪ್ಪು ಪಾದದ್ದು, ಪಾದರಕ್ಷೆಯದ್ದಲ್ಲ. ಸಮುದ್ರದ ವಿಷಯದಲ್ಲಂತೂ ಸಂಪ್ರದಾಯ ಇನ್ನೂ ಬಿಗಿ: ಪರ್ವಕಾಲ ಬಿಟ್ಟು ಬೇರೆ ದಿನ ಸಮುದ್ರವನ್ನು ಮುಟ್ಟಲೇಬಾರದು, ಅಶ್ವತ್ಥದಂತೆ ದೂರದಿಂದ ಕೈಮುಗಿಯಬೇಕು ಎನ್ನುವವರಿದ್ದಾರೆ. ಆ ಲೆಕ್ಕ ಹಿಡಿದರೆ ಶಾಲೆ ರಜೆ ಸಿಕ್ಕಿತೆಂದು ಭಾನುವಾರ ಗೋಕರ್ಣದಲ್ಲಿ ಮುಳುಗೇಳುವವರೆಲ್ಲ, ಬರಿಗಾಲಿದ್ದರೂ ಬೂಟುಗಾಲಿದ್ದರೂ, ಒಂದೇ ಸಾಲಿನ ತಪ್ಪಿತಸ್ಥರು. ಅದನ್ನು ಈಗ ಯಾರೂ ಕೇಳುವುದಿಲ್ಲ. ಚಪ್ಪಲಿಯನ್ನು ಮಾತ್ರ ಕೇಳುತ್ತಾರೆ. ಯಾಕೆ?

ಒಂದು ಉತ್ತರ, ಚರ್ಮ. ಸತ್ತ ಪ್ರಾಣಿಯ ತೊಗಲು ಮೈಲಿಗೆ ಎಂಬ ಭಾವನೆ ನಮ್ಮಲ್ಲಿ ಎಷ್ಟು ಹಳೆಯದೋ, ಅದರಿಂದ ತಪ್ಪಿಸಿಕೊಳ್ಳುವ ದಾರಿಯೂ ಅಷ್ಟೇ ಹಳೆಯದು. ಮಠದ ಸ್ವಾಮಿಗಳು, ಸನ್ಯಾಸಿಗಳು ಮೆಟ್ಟುತ್ತಿದ್ದ ಹಾವುಗೆ ಮರದ್ದು. ಬೆರಳ ಸಂದಿಯಲ್ಲಿ ಗುಬುಟು, ನಡೆದರೆ ಟಕ್ ಟಕ್ ಸದ್ದು. ಮಡಿಗೆ ಭಂಗವಿಲ್ಲ. ಗುರು ಹೋದ ಮೇಲೆ ಅದೇ ಹಾವುಗೆ ಗದ್ದುಗೆಯ ಮೇಲೆ ಕೂತು ಪೂಜೆ ಪಡೆಯುತ್ತದೆ. ಭರತ ಹದಿನಾಲ್ಕು ವರ್ಷ ಸಿಂಹಾಸನದ ಮೇಲಿಟ್ಟದ್ದೂ ಪಾದುಕೆಯನ್ನೇ. ಅಂದರೆ ಕಾಲಿಗೆ ಹಾಕುವ ವಸ್ತು ಎಂಬ ಒಂದೇ ಕಾರಣಕ್ಕೆ ಯಾವುದೂ ನಮ್ಮಲ್ಲಿ ಹೊಲಸಾಗಿಲ್ಲ. ಯೆಹೂದಿಗಳು ಯೋಮ್ ಕಿಪ್ಪೂರ್ ಉಪವಾಸದ ದಿನ ಚರ್ಮದ ಬೂಟು ಹಾಕುವುದಿಲ್ಲ, ಆದರೆ ಬಟ್ಟೆಯದ್ದು, ರಬ್ಬರಿನದ್ದು ಹಾಕಿಕೊಂಡೇ ಪ್ರಾರ್ಥನೆಗೆ ಹೋಗುತ್ತಾರೆ. ಹಜ್ ಯಾತ್ರೆಯ ಇಹ್ರಾಮಿನಲ್ಲಿ ಗಂಡಸರು ಕಣಕಾಲಿನ ಕೀಲು ಮುಚ್ಚದ ಚಪ್ಪಲಿ ಹಾಕಬಹುದು. ಎಲ್ಲ ಕಡೆಯೂ ಪ್ರಶ್ನೆ ಹಾಕಬೇಕೋ ಬಿಡಬೇಕೋ ಎಂಬಷ್ಟೇ ಅಲ್ಲ, ಎಂಥದ್ದು, ಎಲ್ಲಿ ಎಂಬುದು.

ಜೈನ ಮುನಿಗಳು ಬರಿಗಾಲಲ್ಲಿ ನಡೆಯುವುದರ ಹಿಂದಿನ ಲೆಕ್ಕವೇ ಬೇರೆ. ಹುಬ್ಬಳ್ಳಿ ಹತ್ತಿರದ ವರೂರಿನ ನವಗ್ರಹ ತೀರ್ಥಕ್ಕೆ ಹೋಗುವ ಮುನಿಗಳನ್ನು ಕುಂದಗೋಳ ಕಡೆಯ ಜನ ಹೆದ್ದಾರಿಯಲ್ಲಿ ಕಂಡಿರುತ್ತಾರೆ. ಏಪ್ರಿಲ್ ಬಿಸಿಲಿನ ಡಾಂಬರಿನ ಮೇಲೂ ಬರಿಗಾಲು. ಇದು ಅಪರಿಗ್ರಹ, ಜೊತೆಗೆ ಇರುವೆಗೂ ನೋವಾಗಬಾರದೆಂಬ ಎಚ್ಚರ. ಅಂಗಾಲಿಗೆ ಕಣ್ಣಿದೆ, ಅಟ್ಟೆಗೆ ಇಲ್ಲ. ಇಲ್ಲಿ ಬರಿಗಾಲು ಇನ್ನೊಂದು ಜೀವದ ರಕ್ಷೆ. ಕೆರೆಯ ಮುದುಕಿ ಹೇಳುವುದೂ ಕೊನೆಗೆ ಇದನ್ನೇ: ನಿನ್ನ ಕಾಲಿನಿಂದ ಊರಿಗೆ ತೊಂದರೆಯಾಗಬಾರದು.

ಹಾಗಿದ್ದರೆ ಕಾಲಿನಿಂದ ನೀರಿಗೆ ಆಗುವ ತೊಂದರೆಯನ್ನು ಬರಿಗಾಲು ನಿಜಕ್ಕೂ ತಪ್ಪಿಸಿತೇ? ಉತ್ತರ ಕರ್ನಾಟಕದ ಐವತ್ತು ದಾಟಿದವರಿಗೆ ನಾರುಹುಣ್ಣು ಎಂದರೆ ಬಿಡಿಸಿ ಹೇಳಬೇಕಾಗಿಲ್ಲ. ಕಾಲ ಮೇಲೆ ಒಂದು ಬೊಬ್ಬೆ ಏಳುತ್ತದೆ, ಬೆಂಕಿ ಇಟ್ಟಂತೆ ಉರಿಯುತ್ತದೆ. ಉರಿ ತಾಳದೆ ರೋಗಿ ಕಾಲನ್ನು ನೀರಿಗೆ ಇಳಿಬಿಡುತ್ತಾನೆ. ಆಗ ಬೊಬ್ಬೆ ಒಡೆದು ಬಿಳಿ ದಾರದಂಥ ಹುಳು ತಲೆ ಹೊರಗೆ ಹಾಕಿ ಸಾವಿರ ಸಾವಿರ ಮರಿಗಳನ್ನು ನೀರಿಗೆ ಬಿಡುತ್ತದೆ. ಆ ಮರಿಗಳನ್ನು ನೀರಿನಲ್ಲಿರುವ ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣ ಜೀವಿ ನುಂಗುತ್ತದೆ, ಆ ನೀರನ್ನು ಊರು ಕುಡಿಯುತ್ತದೆ, ಸುಮಾರು ಒಂದು ವರ್ಷದ ಮೇಲೆ ಇನ್ನೊಬ್ಬರ ಕಾಲಿನಲ್ಲಿ ಬೊಬ್ಬೆ. ಹೆಣ್ಣು ಹುಳು ಒಂದು ಮೀಟರಿನ ತನಕ ಉದ್ದ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕಿಷ್ಟು ಎಂದು ಮೆಲ್ಲಗೆ ಎಳೆಯಬೇಕು. ನಡುವೆ ಹರಿದರೆ ಕಾಲು ಕೀವಾಗುತ್ತದೆ.

ಈ ರೋಗದ ತೊಟ್ಟಿಲು ಮೆಟ್ಟಿಲ ಬಾವಿ ಮತ್ತು ಕೆರೆ. ಚಪ್ಪಲಿಯನ್ನು ಮೇಲೆಯೇ ಬಿಟ್ಟು, ಕೈಮುಗಿದು, ಮೊಣಕಾಲುದ್ದ ನೀರಿಗಿಳಿದ ಭಕ್ತಿಯ ಬರಿಗಾಲೇ ನೀರನ್ನು ಕೆಡಿಸಿತು. ಭಾರತ 1983-84ರಲ್ಲಿ ನಾರುಹುಣ್ಣು ನಿರ್ಮೂಲನೆಗೆ ಕೈಹಾಕಿದಾಗ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿ ಸುಮಾರು 40 ಸಾವಿರ ರೋಗಿಗಳಿದ್ದರು. ಆರೋಗ್ಯ ಇಲಾಖೆಯವರು ಹಳ್ಳಿಗೆ ಬಂದು ಚಪ್ಪಲಿಯ ಸುದ್ದಿಯನ್ನೇ ಎತ್ತಲಿಲ್ಲ. ನೀರಿಗೆ ಕಾಲೇ ಇಡಬೇಡಿ ಎಂದರು. ಮೆಟ್ಟಿಲ ಬಾವಿಗಳಿಗೆ ಕಟ್ಟೆ ಕಟ್ಟಿ ಸೇದುವ ಬಾವಿ ಮಾಡಿದರು, ಕೊಳವೆಬಾವಿ ಕೊರೆದರು, ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದರು. ದೇಶದ ಕೊನೆಯ ರೋಗಿ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ಮುಕ್ತಿಪತ್ರ ಕೊಟ್ಟಿತು. ಗಂಗಮ್ಮನ ಮೇಲೆ ಕಾಲಿಡಬಾರದು ಎಂಬ ಹಳೆಯ ಮಾತನ್ನು ಅಕ್ಷರಶಃ ಪಾಲಿಸಿದ್ದು ಕೊನೆಗೆ ಸೇದುವ ಹಗ್ಗ. ನೀರು ಸೋಸುವ ಬಟ್ಟೆಯನ್ನೂ ಹೊಸದಾಗಿ ಕಲಿಯಬೇಕಿರಲಿಲ್ಲ. ಜೈನರು ಅದನ್ನು ಧರ್ಮವೆಂದೇ ಮೊದಲಿನಿಂದ ಮಾಡಿಕೊಂಡು ಬಂದಿದ್ದರು.

ಇನ್ನೊಂದು ಲೆಕ್ಕವೂ ಬಾಕಿ ಇದೆ. ಏರಿಯ ಮೇಲೆ ಚಪ್ಪಲಿಯನ್ನು ತಡೆದ ಕೈ ಅಲ್ಲೇ ಮನುಷ್ಯರನ್ನೂ ತಡೆದಿತ್ತು. ಚಪ್ಪಲಿ ಹೊಲಿಯುವವನು ಚಪ್ಪಲಿ ಬಿಟ್ಟು ಬಂದರೂ ಕೆರೆಗೆ ಇಳಿಯುವಂತಿರಲಿಲ್ಲ. ಮೇಲಿನವರ ಓಣಿಯಲ್ಲಿ ಅವನು ತಾನೇ ಹೊಲಿದದ್ದನ್ನು ಮೆಟ್ಟುವಂತಿರಲಿಲ್ಲ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ತೆರೆದಿರಬೇಕೆಂಬ ಬೋಲೆಯವರ ಗೊತ್ತುವಳಿ ಮುಂಬಯಿ ಶಾಸನಸಭೆಯಲ್ಲಿ 1923ರಲ್ಲೇ ಪಾಸಾಗಿತ್ತು. ಧಾರವಾಡ ಆಗ ಅದೇ ಪ್ರಾಂತ್ಯದಲ್ಲಿತ್ತು. ಆದರೂ 1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಗೆ ಅಂಬೇಡ್ಕರರು ಸಾವಿರಾರು ಜನರ ಜೊತೆ ನಡೆದು ಹೋಗಿ ಬೊಗಸೆ ನೀರು ಕುಡಿಯಬೇಕಾಯಿತು. ಆಮೇಲೆ ಆ ಕೆರೆಯನ್ನು ಪಂಚಗವ್ಯದಿಂದ ಶುದ್ಧ ಮಾಡಿದರು. ದಂಡೆಯ ಮೇಲೆ ಚಪ್ಪಲಿ ಬಿಡುವ ಪದ್ಧತಿಯನ್ನು ಹೊಗಳುವವರು ಈ ಪುಟವನ್ನು ತಿರುವಿಹಾಕಿ ಮುಂದೆ ಹೋಗುವುದು ಸರಿಯಲ್ಲ.

ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಈ ಕಟ್ಟು ಒಮ್ಮೆ ಸಡಿಲಾಗಿತ್ತು. ಸಮಗಾರ ಹರಳಯ್ಯ ಶರಣು ಎಂದಾಗ ಬಸವಣ್ಣ ಎರಡು ಸಲ ಶರಣು ಎಂದನಂತೆ. ಆ ಒಂದು ಹೆಚ್ಚಿನ ಶರಣಿನ ಋಣ ತೀರಿಸಲು ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ತೊಗಲಿನಿಂದ ಚಪ್ಪಲಿ ಹೊಲಿದು ತಂದರು. ಬಸವಣ್ಣ ಅವನ್ನು ಕಾಲಿಗೆ ಹಾಕಲಿಲ್ಲ, ತಲೆಯ ಮೇಲೆ ಹೊತ್ತ. ಈ ಕಥೆ ಧಾರವಾಡದ ಹಳ್ಳಿಗಳ ಪುರಾಣ ಪ್ರವಚನದಲ್ಲಿ ಬಂದಾಗ ಹೆಂಗಸರು ಇಂದಿಗೂ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಕಥೆಯಲ್ಲಿ ಚಪ್ಪಲಿ ಮೈಲಿಗೆಯ ವಸ್ತುವಾಗಿ ಉಳಿಯುವುದೇ ಇಲ್ಲ. ಯಾರ ಮೈಯನ್ನು ಸುಲಿದು ಅದು ಆಯಿತೋ ಆ ಮೈಯೇ ಆಗಿಬಿಡುತ್ತದೆ.

ನೀರು, ಕಾಲು, ಭಕ್ತಿ ಮೂರೂ ಒಟ್ಟಿಗೆ ಸೇರುವ ಜಾಗ ಹುಡುಕಿ ಗೋಕರ್ಣದ ತನಕ ಹೋಗಬೇಕಿಲ್ಲ. ನವಲಗುಂದ ತಾಲೂಕಿನಲ್ಲೇ ಯಮನೂರಿದೆ. ಹಿಂದೂಗಳಿಗೆ ಚಾಂಗದೇವ, ಮುಸ್ಲಿಮರಿಗೆ ರಾಜಾಬಾಗಸವಾರ, ಅಂದರೆ ಹುಲಿಯ ಸವಾರ. ಗುಡಿಯೂ ಅದೇ, ದರ್ಗಾವೂ ಅದೇ. ಹೋಳಿ ಹುಣ್ಣಿಮೆ ಕಳೆದ ಮೇಲೆ ನಡೆಯುವ ಜಾತ್ರೆಯಲ್ಲಿ ಬೆಣ್ಣೆಹಳ್ಳದ ನೀರಿನಿಂದ ದೀಪ ಹಚ್ಚುತ್ತಾರೆಂಬುದು ದೊಡ್ಡ ಆಕರ್ಷಣೆ. ಅದೇ ಹಳ್ಳದಲ್ಲಿ ಮಿಂದರೆ ಕಜ್ಜಿ, ತುರಿಕೆ, ಚರ್ಮದ ಬೇನೆ ಹೋಗುತ್ತದೆಂದು ದೂರದೂರದಿಂದ ಜನ ಬರುತ್ತಾರೆ.

ಹಳ್ಳದ ಇನ್ನೊಂದು ಚರಿತ್ರೆ ಹೀಗಿದೆ. ಕುಂದಗೋಳ, ಹುಬ್ಬಳ್ಳಿ, ನವಲಗುಂದ ಸೀಮೆಯ ಮಳೆನೀರು ಹೊತ್ತು ಮಲಪ್ರಭೆ ಸೇರುವ ಬೆಣ್ಣೆಹಳ್ಳ ಮಳೆಗಾಲದಲ್ಲಿ ರಾತ್ರೋರಾತ್ರಿ ಉಕ್ಕಿ ಹೊಲ ನುಂಗುತ್ತದೆ. ಹೋಳಿ ಹೊತ್ತಿಗೆ ಸೊರಗಿ ಮಡುವಾಗಿರುತ್ತದೆ. ಹುಬ್ಬಳ್ಳಿ ಶಹರದ ಕೊಳಚೆ ನಾಲಾಗಳ ಮೂಲಕ ಇದೇ ಹಳ್ಳದ ದಾರಿ ಹಿಡಿಯುತ್ತದೆ. ದಂಡೆಯಲ್ಲಿ ಬಳ್ಳಾರಿ ಜಾಲಿ. ಅದರ ಮುಳ್ಳು ಹವಾಯಿ ಚಪ್ಪಲಿಯನ್ನೂ ತೂರಿ ಬರುತ್ತದೆ, ಬರಿಗಾಲಿನ ಮಾತೇನು. ಕೆಸರೊಳಗೆ ಬಾಟಲಿಯ ಚೂರು ಇದ್ದರೆ ಕಾಣುವುದಿಲ್ಲ. ಮೈಮೇಲೆ ಗಾಯವಿರುವವರೇ ಬಂದು ಮೀಯುವ ಜಾಗದಲ್ಲಿ ಕಾಲಿಗೆ ಹೊಸ ಗಾಯ ಮಾಡಿಕೊಂಡು ಹೋಗುವುದು ದೇವರಿಗೂ ಹಿಡಿಸುವ ಮಾತಲ್ಲ.

ಕೆರೆಯ ನಿಯಮವನ್ನು ಇಲ್ಲಿಗೆ ಹಾಗೆಯೇ ಎತ್ತಿ ತಂದದ್ದರಲ್ಲೇ ತೊಡಕಿದೆ. ಕೆರೆಯಲ್ಲಿ ದುರ್ಬಲವಾದದ್ದು ನೀರು. ಅದನ್ನು ಕಾಲಿನಿಂದ ಕಾಯಬೇಕು. ಹಳ್ಳದಲ್ಲಿ, ಸಮುದ್ರದಲ್ಲಿ ದುರ್ಬಲವಾದದ್ದು ಕಾಲು. ಅದನ್ನು ನೀರಿನಿಂದ ಕಾಯಬೇಕು. ಅರಬ್ಬೀ ಸಮುದ್ರಕ್ಕೆ ಅಜ್ಜಿಯ ರಬ್ಬರ್ ಬೂಟಿನಿಂದ ಏನೂ ಆಗುವುದಿಲ್ಲ. ಅಜ್ಜಿಯ ಹಿಮ್ಮಡಿಗೆ ಸಮುದ್ರದಿಂದ ಬಹಳ ಆಗಬಹುದು. ಗೋಕರ್ಣದ ದೊಡ್ಡ ಕಡಲತೀರ ಮರಳಿನದ್ದು, ಅಲ್ಲಿ ಅಷ್ಟು ಭಯವಿಲ್ಲ. ಓಂ ಬೀಚಿನ ಬಂಡೆಗಳಿಗೆ ಅಂಟಿಕೊಂಡ ಚಿಪ್ಪು ಬ್ಲೇಡಿನಂತೆ ಕೊಯ್ಯುತ್ತದೆ. ಪಕ್ಕದ ಅಘನಾಶಿನಿ ಅಳಿವೆಯಲ್ಲಿ ಚಿಪ್ಪು ಆರಿಸುವ ಹೆಂಗಸರ ಅಂಗಾಲು, ಅಂಗೈ ನೋಡಿದರೆ ಅದು ತಿಳಿಯುತ್ತದೆ. ಮರಳಿನೊಳಗೆ ಹುದುಗಿ ಮಲಗುವ ತೊರಕೆ ಮೀನಿನ ಬಾಲದ ಮುಳ್ಳಿಗೆ ಮಾತ್ರ ರಬ್ಬರಿನ ಅಟ್ಟೆಯೂ ಸಾಲದು. ಕಾಲೆತ್ತಿ ಇಡದೆ ಮರಳಿನಲ್ಲಿ ಎಳೆದುಕೊಂಡು ನಡೆದರೆ ಅದೇ ಸರಿದು ಹೋಗುತ್ತದೆ.

ಅಜ್ಜಿಯ ವಿಷಯದಲ್ಲಿ ಇನ್ನೂ ಒಂದು ಮಾತಿದೆ. ಸಕ್ಕರೆ ಕಾಯಿಲೆ ಹಳೆಯದಾದಂತೆ ಪಾದದ ನರ ಸಾಯುತ್ತದೆ. ಗಾಜು ಹೊಕ್ಕರೂ ತಿಳಿಯುವುದಿಲ್ಲ. ಸಂಜೆ ಕಾಲ್ಚೀಲಕ್ಕೋ ಹಾಸಿಗೆಗೋ ರಕ್ತ ಹತ್ತಿದಾಗ ಗೊತ್ತಾಗುತ್ತದೆ. ಮಧ್ಯಾಹ್ನದ ಮರಳು ಸುಟ್ಟರೂ ಹಾಗೆಯೇ. ಸಮುದ್ರದ ನೀರಿನಲ್ಲಿರುವ ಕೆಲವು ಬ್ಯಾಕ್ಟೀರಿಯಾ ಅಂಥ ಗಾಯಕ್ಕೆ ಹೊಕ್ಕರೆ ಕಾಲಿಗೇ ಸಂಚಕಾರ. ವೆಲ್ಲೂರಿನಲ್ಲಿ ಕುಷ್ಠರೋಗಿಗಳ ನಡುವೆ ಕೆಲಸ ಮಾಡಿದ ಡಾಕ್ಟರ್ ಪಾಲ್ ಬ್ರ್ಯಾಂಡ್ ಕಂಡುಕೊಂಡದ್ದೂ ಇದೇ. ರೋಗಿಗಳ ಬೆರಳು ಉದುರುವುದಕ್ಕೆ ಮುಖ್ಯ ಕಾರಣ ನೋವು ತಿಳಿಯದಿರುವುದು. ನೋವನ್ನು ಅವರು ದೇವರು ಕೊಟ್ಟ ಕಾಣಿಕೆ ಎಂದೇ ಕರೆದರು. ಜೋಮು ಹಿಡಿದ ಪಾದಗಳಿಗೆ ಮೆತ್ತನೆಯ ರಬ್ಬರಿನ ಚಪ್ಪಲಿ ರೂಢಿಗೆ ಬಂದದ್ದು ಅಂಥ ಕೆಲಸದಿಂದ. ಈಗಲೂ ಕುಷ್ಠರೋಗಿಗಳಿಗೆ ಸರ್ಕಾರ ಪುಕ್ಕಟೆ ಕೊಡುವ ಎಂಸಿಆರ್ ಚಪ್ಪಲಿ ಅದೇ ವಂಶದ್ದು.

ಇದರಿಂದ ಬರಿಗಾಲಿನ ಭಕ್ತಿಗೆ ಒಂದು ಕಠಿಣ ಪ್ರಶ್ನೆ ಏಳುತ್ತದೆ. ಬರಿಗಾಲಲ್ಲಿ ಹೋಗುವುದೆಂದರೆ ನೆಲದ ಬಿಸಿ, ಕಲ್ಲಿನ ಮೊನೆ, ನೀರಿನ ತಂಪು ಎಲ್ಲವನ್ನೂ ಅಡ್ಡವಿಲ್ಲದೆ ಒಪ್ಪಿಕೊಳ್ಳುವುದು. ಶರಣಾಗತಿಯ ಒಂದು ರೂಪ ಅದು, ನಿಜ. ಆದರೆ ಏನೂ ತಿಳಿಯದ ಪಾದ ಏನನ್ನು ಒಪ್ಪಿಸೀತು? ಬೇನೆಯೇ ಗೊತ್ತಾಗದವಳಿಗೆ ಬೇನೆಯನ್ನು ಸಹಿಸು ಎನ್ನುವುದರಲ್ಲಿ ತಪಸ್ಸಿಲ್ಲ. ಅವಳ ಮಟ್ಟಿಗೆ ನಿಯಮದ ಒಳಗಿನ ಜೀವ ಆಗಲೇ ಹಾರಿಹೋಗಿದೆ.

ಎಂಟನೇ ಶತಮಾನದ ಬೌದ್ಧ ಗುರು ಶಾಂತಿದೇವ ಚಪ್ಪಲಿಯನ್ನೇ ಹಿಡಿದು ಮನಸ್ಸಿನ ಪಾಠ ಹೇಳಿದ. ಮುಳ್ಳು ತಾಗಬಾರದೆಂದು ಭೂಮಿಗೆಲ್ಲ ಚರ್ಮ ಹೊದಿಸಲು ಸಾಧ್ಯವೇ, ಅಂಗಾಲಿಗಷ್ಟು ಹೊದಿಸಿಕೊಂಡರೆ ಸಾಕಲ್ಲವೇ ಎಂಬುದು ಅವನ ತರ್ಕ. ಅವನ ಗುರಿ ಮನಸ್ಸಿನ ಸಂಯಮ. ಆದರೂ ದೃಷ್ಟಾಂತಕ್ಕೆ ಆಯ್ದುಕೊಂಡದ್ದು ಚಪ್ಪಲಿಯನ್ನು ಎಂಬುದು ಸಣ್ಣ ಮಾತಲ್ಲ. ಅಹಂಕಾರದ ಗುರುತೆಂದು ಹೊಸ್ತಿಲ ಹೊರಗೆ ಬಿಡುವ ವಸ್ತುವನ್ನೇ ಅವನು ವಿವೇಕದ ಗುರುತು ಮಾಡಿದ.

ಎರೆಹೊಲದ ರೈತನಿಗೆ ಈ ಎರಡೂ ಹೊಸತಲ್ಲ. ಬೇಸಿಗೆಯಲ್ಲಿ ಜಾಲಿಮುಳ್ಳಿಗೆ ಅಂಜಿ ದಪ್ಪ ಅಟ್ಟೆಯ ಚಪ್ಪಲಿ ಮೆಟ್ಟುತ್ತಾನೆ. ಮಳೆ ಬಿದ್ದು ಎರೆ ಹಸಿಯಾದರೆ ಅದೇ ಚಪ್ಪಲಿಗೆ ಸೇರುಗಟ್ಟಲೆ ಮಣ್ಣು ಮೆತ್ತಿ ಹೆಜ್ಜೆ ಏಳುವುದಿಲ್ಲ, ಕಳಚಿ ಕೈಯಲ್ಲಿ ಹಿಡಿದು ನಡೆಯುತ್ತಾನೆ. ಬಿತ್ತುವ ದಿನ ಕೂರಿಗೆ ಪೂಜೆಗೆ ನಿಂತಾಗ ಬದುವಿನ ಮೇಲೆ ಬಿಟ್ಟಿರುತ್ತಾನೆ. ಒಂದೇ ಹೊಲ, ಒಂದೇ ಕಾಲು, ಮೂರು ನಡೆ. ಶಾಸ್ತ್ರ ಕೇಳಲು ಅವನು ಯಾರ ಬಳಿಗೂ ಹೋಗುವುದಿಲ್ಲ.

ಗೋಕರ್ಣದ ದಂಡೆಯ ಮಾತೂ ಹೀಗೇ ಬಗೆಹರಿಯಿತು, ಮೊಮ್ಮಗನ ವಾದದಿಂದಲ್ಲ, ಅಜ್ಜಿಯದೇ ಮಡಿಯ ಲೆಕ್ಕದಿಂದ. ಮನೆಯಲ್ಲಿ ಪೂಜೆಗೆಂದೇ ಬೇರೆ ಸೀರೆ ಒಣಹಾಕುವವಳು ಅವಳು. ಬಟ್ಟೆಗೆ ಮಡಿ ಬರುವುದು ಬೇರೆ ಇಟ್ಟದ್ದರಿಂದ. ಬೂಟನ್ನು ಮತ್ತೊಮ್ಮೆ ತಿರುಗಿಸಿ, ಅಟ್ಟೆಗೆ ಬೆರಳಾಡಿಸಿ ಕೇಳಿದಳು:

"ಇದು ತೊಗಲಲ್ಲ ಹೌದಿಲ್ಲ?"

"ಅಲ್ಲ ಆಯಿ, ರಬ್ಬರ್."

"ಯಾರರ ಹಾಕ್ಕೊಂಡು ಸಂಡಾಸಕ್ಕ ಹೋಗ್ಯಾರೇನ?"

"ಪಾಕೀಟ ಈಗ ನಿನ್ನ ಮುಂದನ ಒಡದೇನಲ್ಲ."

ಅವಳು ಮರಳಿನ ಮೇಲೆ ಕೂತಳು. ಮೊಮ್ಮಗ ಒಂದೊಂದೇ ಕಾಲು ಎತ್ತಿ ತೊಡಿಸಿದ. ಮೊದಲ ತೆರೆ ಬಂದಾಗ ಅಜ್ಜಿ ಬಗ್ಗಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು, ಅರಿಷಿಣ ಕುಂಕುಮ ಬಿಟ್ಟಳು, ಆಮೇಲೆ ಒಂದು ಹೆಜ್ಜೆ ಇಟ್ಟಳು. ಮುಳುಗಿ ಎದ್ದು ಬಂದ ಮೇಲೆ ಬೂಟು ಕಳಚಿ, ಸಿಹಿನೀರಿನಲ್ಲಿ ತೊಳೆಸಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಂಟು ಬಿಗಿದು ಮೊಮ್ಮಗನ ಕೈಗೆ ಕೊಟ್ಟಳು. "ಊರಾಗ ಇದನ್ನ ಯಾರೂ ಮುಟ್ಟಬ್ಯಾಡ್ರಿ ಮತ್ತ. ಬರೂ ವರ್ಷ ಯಮನೂರ ಜಾತ್ರಿಗೆ ಬೇಕಾಕ್ಕತಿ."